ಎಲಚಿ ದಿಬ್ಬ ಖಾಲಿ ಇಲ್ಲ

ಮನೆ, ಹಿಂದಿನ ಕೋಣೆ
ಗುರುವಾರ, ಅಕ್ಟೋಬರ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೋದ ಸಲ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಆ ಕಚೇರಿಯ ಏಸಿಯ ಕೆಳಗೇ ನಿನ್ನ ಮೇಜು ಹಾಕಿಸಿಕೊಂಡಿದ್ದೀಯಂತೆ, ನಿನ್ನ ಹೆಂಡತಿ ಹೇಳಿದಳು. ಮೇಜು ಸರಿಸು. ಅಷ್ಟು ದೊಡ್ಡ ದೊಡ್ಡ ಕಟ್ಟಡಗಳನ್ನು ಕಾಗದದ ಮೇಲೆ ಅತ್ತಿಂದಿತ್ತ ಸರಿಸುವವನಿಗೆ ಒಂದು ಮೇಜು ಭಾರವಾಗಬಾರದು. ಅವಳ ಬೆನ್ನುನೋವು ಹೇಗಿದೆ? ಮಗಳಿಗೆ ಹೊಸ ಕೆಲಸ ಹಿಡಿಸಿತೇ? ನನ್ನ ಆರೋಗ್ಯದ ಬಗ್ಗೆ ಚಿಂತೆ ಬೇಡ. ಬಿಪಿ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ. ಆದರೂ ಅದು ಏರುತ್ತಿದೆ. ಏರಿಸುತ್ತಿರುವವರು ಯಾರೆಂದು ಮುಂದೆ ಬರೆಯುತ್ತೇನೆ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ಕೇಳಬೇಡ. ಫೋನ್ ಮಾಡಿದರೆ ನೀನು "ಅಕ್ಕಾ, ಮೀಟಿಂಗ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ 'ಆಮೇಲೆ' ನಾನು ನೋಡಿದ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಪತ್ರವಾದರೆ ಮಧ್ಯದಲ್ಲಿ ಬಾಯಿ ಹಾಕಲು ಬರುವುದಿಲ್ಲ. ಜೀವನವೆಲ್ಲ ಛಾಪಾಖಾನೆಯಲ್ಲಿ ಬೇರೆಯವರ ಬರಹದ ಕರಡು ತಿದ್ದಿದವಳು ನಾನು. ಇವತ್ತು ಬರೆಯುವವಳೂ ನಾನೇ, ಉದ್ದವಾಯಿತು ಎಂದು ಕೆಂಪು ಪೆನ್ಸಿಲ್ ಹಿಡಿದು ಕೂತವರು ಯಾರೂ ಇಲ್ಲ. ಆದ್ದರಿಂದ ಉದ್ದವಾಗುತ್ತದೆ. ಊಟ ಮುಗಿಸಿಕೊಂಡು ಕೂತು ಓದು.

ನಮ್ಮ ಮನೆಯ ಹಿಂದಿನ ಎಲಚಿ ದಿಬ್ಬದ ಬುಡದಲ್ಲಿ ನಗರಸಭೆಯವರು ಹೋದ ತಿಂಗಳು ಒಂದು ಫಲಕ ನೆಟ್ಟರು. ಎರಡು ಕಬ್ಬಿಣದ ಕಂಬ, ಮಧ್ಯೆ ನಮ್ಮ ಅಡುಗೆಮನೆಯಷ್ಟು ಅಗಲದ ತಗಡು. 'ಚಿಟ್ಟೆ ಉದ್ಯಾನ' ಎಂದು ದಪ್ಪಕ್ಷರ. ಚಿತ್ರದಲ್ಲಿ ಹುಲ್ಲುಹಾಸು, ಕಾರಂಜಿ, ಗುಲಾಬಿ ಸಾಲು, ರೆಕ್ಕೆ ಬಿಚ್ಚಿ ನಿಂತ ಸಿಮೆಂಟಿನ ಚಿಟ್ಟೆಯೊಂದರ ಹೆಬ್ಬಾಗಿಲು. ಅದರ ಮೇಲೆ ಅಂಗೈಯಗಲದ ಕಿತ್ತಳೆ ಬಣ್ಣದ ಚಿಟ್ಟೆ. ಆ ಜಾತಿಯನ್ನು ನಾನು ಪುಸ್ತಕಗಳಲ್ಲಿ ನೋಡಿದ್ದೇನೆ. ಅದು ನಮ್ಮ ದಿಬ್ಬಕ್ಕೆ ಬರಬೇಕಾದರೆ ಸಮುದ್ರ ದಾಟಬೇಕು, ಟಿಕೆಟ್ ತೆಗೆಸಿಕೊಂಡೇ ಬರಬೇಕು. ತಗಡಿನ ತುಂಬ ತಪ್ಪುಗಳಿದ್ದವು, ಅಭ್ಯಾಸಬಲದಿಂದ ಒಂದೊಂದನ್ನೂ ಮನಸ್ಸಿನಲ್ಲೇ ತಿದ್ದುತ್ತಾ ಕೆಳಗಿಳಿದೆ. ಕೊನೆಯ ಸಾಲಿನಲ್ಲಿ, ವಿನ್ಯಾಸಕಾರರು ಎಂದು ಬರೆದು ನಿನ್ನ ಹೆಸರು ಹಾಕಿದ್ದರು. ಅದರಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ. ಅಚ್ಚಿನಲ್ಲಿ ನಿನ್ನ ಹೆಸರು ಕಂಡಾಗ ಎದೆಯುಬ್ಬಿಸುವುದು ನನಗೆ ರೂಢಿಯಾಗಿಬಿಟ್ಟಿದೆ ನೋಡು, ಒಂದು ಕ್ಷಣ ಹಾಗೇ ಆಯಿತು. ಆಮೇಲೆ ದಿಬ್ಬದ ಸುತ್ತ ಎಳೆದ ಸುಣ್ಣದ ಗೆರೆ ಕಣ್ಣಿಗೆ ಬಿತ್ತು. ಗೆರೆಯೊಳಗಿನ ಎಲಚಿ ಪೊದೆಗಳಿಗೆಲ್ಲ ಕೆಂಪು ರಿಬ್ಬನ್ ಕಟ್ಟಿದ್ದರು, ಕಡಿಯಬೇಕಾದವು ಎಂಬ ಗುರುತಿಗೆ.

ಅವತ್ತೇ ಸಂಜೆ ನಿನಗೆ ಫೋನ್ ಮಾಡಿದೆ. ನೀನು ಸಂತೋಷದಿಂದಲೇ ಮಾತು ಶುರುಮಾಡಿದೆ. "ಅಕ್ಕಾ, ನಿನಗೆ ಖುಷಿಯಾಗುತ್ತೆ ಅಂತ ಹೇಳದೆ ಇಟ್ಕೊಂಡಿದ್ದೆ."

"ಚಿಟ್ಟೆ ಇರೋ ಕಡೆ ಜೆಸಿಬಿ ಹೊಡೆದು ಚಿಟ್ಟೆ ಪಾರ್ಕ್ ಮಾಡೋದು ಖುಷಿನಾ? ಮಗು ಮಲಗಿರೋ ತೊಟ್ಟಿಲು ಒಡೆದು, ಅದರ ಹಲಗೇಲಿ ಆಟಿಕೆ ಮಾಡಿ ಕೊಟ್ಟ ಹಾಗಿದೆ" ಅಂದೆ ನಾನು.

ಆಗ ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ನಾನು ಮೂಲಕ್ಕೆ ಮೋಸ ಮಾಡುವವಳಲ್ಲ. "ಅಲ್ಲಿ ಏನಿದೆ ಅಕ್ಕಾ, ಬರೀ ಮುಳ್ಳು. ಪಾರ್ಕ್ ಆಗಿಲ್ಲ ಅಂದಿದ್ರೆ ಬಸ್ ಡಿಪೋ ಆಗ್ತಿತ್ತು. ನಾನೇ ಅವರ ಹತ್ರ ಕಿತ್ತಾಡಿ ಉಳಿಸಿದೀನಿ. ಹೂವಿನ ಗಿಡ ಹಾಕ್ತೀವಿ, ನೀರು ಬಿಡ್ತೀವಿ, ಚಿಟ್ಟೆ ತಾವಾಗೇ ಬರ್ತವೆ." ಡಿಪೋ ತಪ್ಪಿಸಿದ್ದು ನಿಜ, ಅದನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಡೀಸೆಲ್ ಹೊಗೆಯಿಂದ ಬಿಡಿಸಿದವನು ತಾನೇ ಕೊಡಲಿ ತರಬಹುದು ಎಂಬ ನಿಯಮ ಎಲ್ಲಿದೆ?

ಬರೀ ಮುಳ್ಳು ಅಂದೆಯಲ್ಲ, ಹರಳನ್ನು ಮರೆತುಬಿಟ್ಟೆಯಾ? ಆ ಹೆಸರಿಟ್ಟವನೇ ನೀನು. ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ ಒಂದು ಮಧ್ಯಾಹ್ನ ಬಿಚ್ಚಿದ ಕೈಗಡಿಯಾರದೊಳಗಿನ ಹರಳುಗಳನ್ನು ತೋರಿಸಿದರು. ಮರುದಿನ ನೀನು ಎಲಚಿ ಪೊದೆಯ ಹತ್ತಿರದಿಂದ ಓಡಿಬಂದು, "ಅಪ್ಪಾ, ನಿಮ್ಮ ಹರಳು ಹಾರ್ತಿದೆ" ಅಂದೆ. ಹೆಬ್ಬೆರಳ ಉಗುರಿನಷ್ಟೂ ಇಲ್ಲದ ಚಿಟ್ಟೆ. ಗಂಡಿನ ರೆಕ್ಕೆಯ ಮೇಲ್ಭಾಗ ನೇರಳೆ ಬೆರೆತ ನೀಲಿ, ಹೆಣ್ಣಿನದು ಕಂದು. ಕೂತು ರೆಕ್ಕೆ ಮುಚ್ಚಿದರೆ ಇಬ್ಬರದೂ ಒಂದೇ ಅಂಗಿ, ಬಿಳಿಯ ಮೇಲೆ ಕಪ್ಪು ಚುಕ್ಕೆ, ಗೀರು. ಅಪ್ಪ ಅಂಗಡಿ ಬಿಟ್ಟು ಬಂದು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಎಷ್ಟೋ ಹೊತ್ತು ಅದನ್ನೇ ನೋಡಿ, "ಇದನ್ನ ಜೋಡಿಸಿದವನು ನನಗಿಂತ ಒಳ್ಳೆ ಕೆಲಸಗಾರ" ಅಂದರು. ಅಮ್ಮ ಒಗೆದ ಬಟ್ಟೆಯನ್ನು ಆ ಮುಳ್ಳಿನ ಮೇಲೇ ಹರವುತ್ತಿದ್ದಳು, ಅಂಗಿ ಹರಿದಾಗಲೆಲ್ಲ ಪೊದೆಯನ್ನೂ ನಮ್ಮಿಬ್ಬರನ್ನೂ ಒಟ್ಟಿಗೇ ಬೈಯುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವನು ನಿನ್ನ ನಕ್ಷೆಯ ಮೂಲೆಯಲ್ಲಿ ಆ ಜಾಗದ ಬಗ್ಗೆ ಬರೆದದ್ದು ಏನು? 'ಚಿಟ್ಟೆಗಳ ಕೊರತೆಯಿರುವ ಪಾಳುಭೂಮಿ. ತೆರವುಗೊಳಿಸಬೇಕಾದ ಪೊದೆ.' ನಗರಸಭೆಯ ಗೋಡೆಗೆ ಅಂಟಿಸಿದ ಪ್ರತಿಯಲ್ಲಿ ನಾನೇ ಓದಿದೆ.

ಸಮೀಕ್ಷೆಗೆ ನಿನ್ನ ಕಚೇರಿಯವರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ, ಎಲ್ಲಿಯವರೆಂದು ಮಾತ್ರ ಆಗ ತಿಳಿದಿರಲಿಲ್ಲ. ಸಂಜೆ, ಬಿರುಗಾಳಿ. ಗಾಳಿ ಬೀಸುವಾಗ ಹರಳು ಪೊದೆಯ ಒಳಗೆ ಅವಿತುಕೊಳ್ಳುತ್ತದೆ. ಬಂದವರು ಹೂವಿರುವ ಗಿಡ ಎಲ್ಲಿದೆ ಎಂದು ಹುಡುಕಿದರು, ರಸ್ತೆಯ ಬದಿಯಿಂದ ಫೋಟೋ ತೆಗೆದರು, ನನ್ನ ಬಾಗಿಲಲ್ಲಿ ನೀರು ಕುಡಿದರು, ಹೋದರು. ಆ ಹುಡುಗಿಯರು ಒಳ್ಳೆಯವರೇ, ಲೋಟ ತೊಳೆದಿಟ್ಟು ಹೋದರು. ಆದರೆ ಚಿಟ್ಟೆ ಹುಡುಕುವವರು ಹೂವನ್ನು ಮಾತ್ರ ಹುಡುಕಿದರೆ ಹೇಗೆ? ಚಿಟ್ಟೆ ಹೂವಿಗೆ ಬರುವುದು ನಾವು ಹೋಟೆಲಿಗೆ ಹೋಗುವ ಹಾಗೆ. ಮೊಟ್ಟೆ ಇಡುವುದಕ್ಕೆ, ಮರಿ ಸಾಕುವುದಕ್ಕೆ ಮನೆಯೇ ಆಗಬೇಕು. ಹರಳಿನ ಮನೆ ಎಲಚಿ. ಅದರ ಹುಳು ಎಲಚಿ ಎಲೆಯ ಅಡಿಯಲ್ಲಿ ಅಂಟಿಕೊಂಡು ಹಸಿರನ್ನು ಕೆರೆದು ತಿನ್ನುತ್ತದೆ, ಮೇಲಿನ ತೆಳು ಪೊರೆ ಬಿಟ್ಟು. ಎಲೆಯ ತುಂಬ ಬಿಳಿ ಬಿಳಿ ಗೆರೆಗಳು ಮೂಡುತ್ತವೆ, ರಬ್ಬರಿನಲ್ಲಿ ಸಾಲು ಸಾಲಾಗಿ ಅಳಿಸಿದ ಹಾಗೆ. ಗುಲಾಬಿ ಎಲೆ ಕೊಟ್ಟರೆ ಅದು ಉಪವಾಸ ಬಿದ್ದು ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ.

ನಿನಗೆ ಇನ್ನೊಂದು ವಿಷಯವೂ ಮರೆತಿರಬಹುದು. ದಿಬ್ಬವನ್ನು ಖಾಲಿ ಜಾಗ ಎಂದು ಕರೆದವರಲ್ಲಿ ನೀನು ಮೊದಲಿಗನಲ್ಲ. ನಾವು ಚಿಕ್ಕವರಿದ್ದಾಗ, ಖಾಲಿ ಇದೆಯಲ್ಲ ಎಂದು ಊರಿನ ಕಸ ಸುರಿಯಲು ಬಂದರು. ಅಮ್ಮ ಮತ್ತು ಬೀದಿಯ ಹೆಂಗಸರು ಕೈಗಾಡಿಗಳನ್ನು ತಿರುಗಿಸಿ ಕಳಿಸಿದರು. ಆಮೇಲೆ ಕ್ರೀಡಾಂಗಣ ಅಂದರು, ಕಲ್ಲು ನೆಟ್ಟರು, ನೆಟ್ಟ ಅಧ್ಯಕ್ಷ ಚುನಾವಣೆ ಸೋತ, ಕಲ್ಲು ಇನ್ನೂ ಅಲ್ಲೇ ಇದೆ, ನಾಯಿಗಳಿಗೆ ಅನುಕೂಲವಾಗಿದೆ. ನೀನು ಕಾಲೇಜಿಗೆ ಹೋದ ಮೇಲೆ ಹಸಿರು ಮಾಡುತ್ತೇವೆ ಎಂದು ಬಂದವರು ಉತ್ತರದ ಇಳಿಜಾರಿನ ಎಲಚಿಯನ್ನೆಲ್ಲ ಕಿತ್ತು, ಬೇಗ ಬೆಳೆಯುವ ಸಸಿ ನೆಟ್ಟು, ಫೋಟೋ ಹೊಡೆಸಿಕೊಂಡರು. ಮರಗಳು ಬೆಳೆದವು, ನಾನು ಇಲ್ಲ ಅನ್ನುವುದಿಲ್ಲ. ಅವುಗಳ ಕೆಳಗೆ ಹೋಗಿ ನಿಂತು ನೋಡು. ಹುಲ್ಲಿಲ್ಲ, ಇರುವೆ ಸಾಲಿಲ್ಲ, ಒಂದು ಹರಳಿಲ್ಲ. ಕತ್ತಲೆ ಮತ್ತು ಒಣ ಎಲೆ, ಅಷ್ಟೆ. ಹಸಿರು ಕಂಡಲ್ಲೆಲ್ಲ ಜೀವ ಇದೆ ಎಂದು ನಂಬುವವರು ಬಿಲಿಯರ್ಡ್ಸ್ ಮೇಜಿನ ಮೇಲೆ ಹಸು ಮೇಯಿಸಲಿ. ಉತ್ತರದ ಇಳಿಜಾರನ್ನು ಕಳೆದುಕೊಂಡ ಮೇಲೆ ಹರಳಿಗೆ ಉಳಿದದ್ದು ದಕ್ಷಿಣದ ಇಳಿಜಾರೊಂದೇ. ಈಗ ನಿನ್ನ ಸುಣ್ಣದ ಗೆರೆ ಬಿದ್ದಿರುವುದು ಸರಿಯಾಗಿ ಅದರ ಮೇಲೆ. ಇಲ್ಲಿಂದ ಓಡಿಸಿದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ. ಅದು ದೂರ ಹಾರುವ ಚಿಟ್ಟೆಯಲ್ಲ, ಹುಟ್ಟಿದ ಪೊದೆಯ ಆಚೆ ಈಚೆ ಸುಳಿದಾಡಿಯೇ ಬಾಳು ಮುಗಿಸುವಂಥದು. ನನ್ನ ಹಾಗೆ ಅಂತ ಇಟ್ಟುಕೋ.

ಇನ್ನು ದಂತವೈದ್ಯರ ವಿಷಯ. ನಮ್ಮ ಬೀದಿಯ ತುದಿಯಲ್ಲಿ ಕ್ಲಿನಿಕ್ ಇಟ್ಟಿದ್ದರಲ್ಲ, ನಿನ್ನ ಹಾಲುಹಲ್ಲು ಕಿತ್ತವರ ಮಗ, ಈಗ ಅವರಿಗೂ ನಿವೃತ್ತಿಯಾಗಿದೆ. ಬೆಳಗಿನ ನಡಿಗೆಯವರ ಸಂಘಕ್ಕೆ ಅವರೇ ಅಧ್ಯಕ್ಷರು. ನಿನ್ನ ಉದ್ಯಾನದ ಸುದ್ದಿ ಕೇಳಿ ಸಂಘದವರೆಲ್ಲ ಕುಣಿದಾಡಿದರು, ಮಂಡಿನೋವಿನವರಿಗೆ ಟೈಲ್ಸ್ ಹಾಕಿದ ದಾರಿ ಸಿಗುತ್ತದಲ್ಲ. ಜೆಸಿಬಿ ಬರುವ ಮೊದಲು ಇರುವ ಹುಳುಗಳನ್ನು ಕಾಪಾಡೋಣ ಎಂದು ದಂತವೈದ್ಯರಿಗೆ ಹೊಳೆಯಿತು. ಹೋಗಿ ನೋಡಿದರೆ ಎಲಚಿ ಎಲೆಯಡಿಯ ಪ್ರತಿಯೊಂದು ಹುಳುವಿನ ಮೇಲೂ ಕಪ್ಪಿರುವೆಗಳು ಹತ್ತಿ ಕೂತಿವೆ. ಇವರ ಕರುಳು ಚುರ್ ಎಂದಿತು. ಮರುದಿನ ಕ್ಲಿನಿಕ್ಕಿನಲ್ಲಿ ಉಳಿದಿದ್ದ ಮಕ್ಕಳ ಹಲ್ಲುಜ್ಜುವ ಬ್ರಷ್ಷುಗಳ ಡಬ್ಬ ತಂದರು, ಎಲ್ಲರಿಗೂ ಒಂದೊಂದು ಹಂಚಿದರು. ನಾನು ಹಾಲು ತರಲು ಹೊರಗೆ ಬಂದರೆ, ಬಿಳಿ ಬೂಟು ಹಾಕಿದ ಹಿರಿಯರೆಲ್ಲ ಪೊದೆಗೊಬ್ಬರಂತೆ ನಿಂತು, ಹುಳುಗಳ ಮೈಯಿಂದ ಇರುವೆಗಳನ್ನು ಮೃದುವಾಗಿ ಉಜ್ಜಿ ಉಜ್ಜಿ ಬೀಳಿಸುತ್ತಿದ್ದಾರೆ. "ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ" ಎಂದು ಇವರ ಮೇಲ್ವಿಚಾರಣೆ ಬೇರೆ.

"ಏನ್ ಮಾಡ್ತಿದೀರಿ ಡಾಕ್ಟ್ರೇ?" ಅಂದೆ.

"ಇರುವೆ ತಿಂತಿವೆ ಅಕ್ಕಾ, ಪಾಪ, ಜೀವಂತವಾಗಿ ತಿಂತಿವೆ."

"ತಿಂತಿಲ್ಲ. ಕಾಯ್ತಿವೆ. ಹುಳು ಬೆನ್ನಿಂದ ಸಿಹಿ ರಸ ಬಿಡುತ್ತೆ, ಇರುವೆ ಅದನ್ನ ನೆಕ್ಕುತ್ತೆ, ಬದಲಿಗೆ ಶತ್ರು ಬರದ ಹಾಗೆ ನೋಡ್ಕೊಳ್ಳುತ್ತೆ. ಪುಸ್ತಕದಲ್ಲಿದೆ, ತೋರಿಸ್ತೀನಿ ಬನ್ನಿ."

"ಸಿಹಿ ತಿಂದವರು ಏನೇನ್ ಮಾಡ್ತಾರೆ ಅಂತ ನನಗೆ ಗೊತ್ತಿಲ್ವಾ, ನನ್ನ ಜೀವನ ನಡೆದಿದ್ದೇ ಅದರಿಂದ" ಎಂದು ನಕ್ಕರು. ಅವರ ಹಿಂದೆ ನಿಂತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್, "ಅಲ್ಲ, ನೀವು ಇರುವೆ ಪಾರ್ಟಿನೋ ಚಿಟ್ಟೆ ಪಾರ್ಟಿನೋ, ಮೊದಲು ಅದನ್ನ ಹೇಳಿ" ಎಂದರು. ಎರಡೂ ಒಂದೇ ಪಾರ್ಟಿ ಅಂದರೆ ಅವರಿಗೆ ಅರ್ಥವಾಗಬೇಕಲ್ಲ.

ಹೋದ ವಾರ ನಗರಸಭೆಯಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ ಇತ್ತು. ನಾನು ಹೋದೆ. ಮಾತಾಡಿದ್ದು ನಾನೊಬ್ಬಳೇ. ಹರಳಿನ ಬಗ್ಗೆ ಹೇಳಿದೆ, ಉತ್ತರದ ಇಳಿಜಾರಿನ ಗತಿ ಹೇಳಿದೆ. ಇಂಜಿನಿಯರ್ ಮೊಬೈಲ್ ನೋಡುತ್ತಲೇ ಕೇಳಿಸಿಕೊಂಡು, "ಅಮ್ಮಾ, ಅಲ್ಲಿ ಏನೂ ಇಲ್ಲ ಅಂತ ಬರೆದವರು ನಿಮ್ಮ ತಮ್ಮಾನೇ ಅಲ್ವಾ?" ಎಂದ. ಹೌದು ಅಂದೆ. "ಹಾಗಾದ್ರೆ ಅಕ್ಕ ತಮ್ಮ ಮನೇಲಿ ಕೂತು ಮಾತಾಡ್ಕೊಳ್ಳಿ, ಸಭೆಗೆ ಯಾಕೆ ತರ್ತೀರಿ" ಎಂದ. ಸಭೆಯೆಲ್ಲ ನಕ್ಕಿತು. ದಂತವೈದ್ಯರೂ ನಕ್ಕರು. ತಮ್ಮಾ, ಆ ನಗು ನನ್ನನ್ನು ಕುಗ್ಗಿಸಲಿಲ್ಲ, ಅದನ್ನು ನೀನು ತಿಳಿದಿರು. ಆದರೆ ಅವತ್ತೇ ನನಗೆ ಸ್ಪಷ್ಟವಾಯಿತು, ಇವರು ನನ್ನ ಬಾಯಿಗೆ ತುರುಕಿದ ಬಟ್ಟೆ ನೀನು. ಊರಿನ ವಿಷಯವನ್ನು ಮನೆಯ ವಿಷಯ ಮಾಡಿಬಿಟ್ಟರೆ ಹೆಂಗಸು ತೆಪ್ಪಗಾಗುತ್ತಾಳೆ ಎಂದು ಇವರ ಲೆಕ್ಕ. "ನನ್ನ ತಮ್ಮ ತಪ್ಪು ಬರೆದಿದಾನೆ. ನನ್ನ ಅಪ್ಪ ಬರೆದಿದ್ರೂ ತಿದ್ತಿದ್ದೆ. ಅದು ನನ್ನ ಕೆಲಸ" ಎಂದು ಹೇಳಿ, ಕುರ್ಚಿಯನ್ನು ಇದ್ದಲ್ಲೇ ಸರಿಯಾಗಿ ಇಟ್ಟು, ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ದಂತವೈದ್ಯರ ಮನೆಗೇ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು, ಕುಡಿದೆ, ಜಗಳಕ್ಕೂ ಕಾಫಿಗೂ ಸಂಬಂಧವಿಲ್ಲ. "ಡಾಕ್ಟ್ರೇ, ಎಕ್ಸ್‌ರೇ ನೋಡದೆ ಹಲ್ಲು ಕೀಳ್ತಿದ್ರಾ?" ಅಂದೆ. ಇಲ್ಲ ಅಂದರು. "ಹಾಗಾದ್ರೆ ಬನ್ನಿ, ನೋಡಿ, ಆಮೇಲೆ ಉಜ್ಜಿ" ಅಂದೆ. ಬಂದರು. ಅಪ್ಪನ ಅಂಗಡಿಯ ಎರಡು ಸ್ಟೂಲು ತಂದು ಬಿಸಿಲೇರುವ ಹೊತ್ತಿಗೆ ದಕ್ಷಿಣದ ಇಳಿಜಾರಿನಲ್ಲಿ ಹಾಕಿದೆ. ಅಕ್ಕಪಕ್ಕದಲ್ಲಿ ಎರಡು ಪೊದೆ. ಒಂದು ಅವರು ಅವತ್ತು ಬೆಳಿಗ್ಗೆಯೇ ಉಜ್ಜಿ, ಇರುವೆ ಮತ್ತೆ ಹತ್ತದಂತೆ ಬುಡಕ್ಕೆ ಗ್ರೀಸ್ ಸವರಿದ್ದು. ಇನ್ನೊಂದು ಮುಟ್ಟದೆ ಬಿಟ್ಟದ್ದು. ಅಪ್ಪನ ಭೂತಗನ್ನಡಿಯನ್ನು ಅವರ ಕಣ್ಣಿಗೆ ಸಿಕ್ಕಿಸಿದೆ. ಮಾತಾಡಬೇಡಿ ಅಂದೆ. ಬಾಯಿ ತೆರೆದುಕೊಂಡು ಸುಮ್ಮನಿರಿ ಎಂದು ಊರಿಗೆಲ್ಲ ಹೇಳಿದವರು ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತರು.

ಕಡಜ ಬಂತು. ಸೊಂಟ ಸಣ್ಣಗಿರುವ ಹಳದಿ ಕಡಜ. ಮೊದಲು ಮುಟ್ಟದ ಪೊದೆಗೆ ಇಳಿಯಿತು. ಎಲೆಯ ಅಂಚಿಗೆ ಕಾಲಿಟ್ಟಿತೋ ಇಲ್ಲವೋ, ಎಲ್ಲಿದ್ದವೋ ಏನೋ, ಇರುವೆಗಳು ಎಲೆಯಡಿಯಿಂದ ನುಗ್ಗಿ ಬಂದವು. ಒಂದು ಅದರ ಕಾಲು ಹಿಡಿದೇಬಿಟ್ಟಿತು. ಕಡಜ ಕೊಸರಿಕೊಂಡು ಹಾರಿತು. ಹಾರಿ ಪಕ್ಕದ ಪೊದೆಗೆ ಹೋಯಿತು, ದಂತವೈದ್ಯರ ಪೊದೆಗೆ. ಅಲ್ಲಿ ತಡೆಯುವವರಿರಲಿಲ್ಲ. ಎಲೆ ಎಲೆಯ ಅಡಿಗೂ ನುಸುಳಿ, ನಿಧಾನವಾಗಿ, ಸಂತೆಗೆ ಬಂದವರು ಆರಿಸಿಕೊಂಡ ಹಾಗೆ ಒಂದು ಹುಳುವನ್ನು ಆರಿಸಿ, ಕಚ್ಚಿ ಒಯ್ದಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೊಂದನ್ನು ಒಯ್ದಿತು. ದಾರಿ ಗೊತ್ತಾದ ಮೇಲೆ ಬರುತ್ತಲೇ ಇತ್ತು. ದಂತವೈದ್ಯರು ಎದ್ದು ಕೈ ಬೀಸಿ ಓಡಿಸಲು ನೋಡಿದರು, ಕಡಜ ಅವರನ್ನು ಗಿಡದ ಇನ್ನೊಂದು ಕೊಂಬೆ ಎಂದುಕೊಂಡು ಸುತ್ತು ಹಾಕಿ ಹೋಯಿತು. ಅವರು ಮತ್ತೆ ಕೂತರು. ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡರು, ಬೆವರೋ ಏನೋ ನಾನು ನೋಡಲು ಹೋಗಲಿಲ್ಲ.

"ಇಷ್ಟು ದಿನ ಬಾಗಿಲಲ್ಲಿದ್ದ ಕಾವಲುಗಾರರನ್ನೇ ನಾನು ಹೊಡೆದು ಓಡಿಸ್ತಿದ್ದೆ" ಅಂದರು.

"ಹೌದು" ಅಂದೆ. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ.

"ಕೆಲವು ಹುಳುಗಳನ್ನ ಮನೇಲಿ ಬಾಟಲಿಗೆ ಹಾಕಿ ಗುಲಾಬಿ ಎಲೆ ಕೊಟ್ಟಿದ್ದೆ, ಅವೂ ಎಲ್ಲ ಸತ್ತವು ಅಕ್ಕಾ. ನಮ್ಮವಳಿಗೂ ಹೇಳಿರಲಿಲ್ಲ." ಆಮೇಲೆ ಕೇಳಿದರು, "ಪಾರ್ಕ್ ಆದ್ರೆ ಈ ಇರುವೆಗಳಿಗೆ ಏನ್ ಮಾಡ್ತಾರೆ?"

"ಔಷಧಿ ಹೊಡೀತಾರೆ. ಹುಲ್ಲಿನ ಮೇಲೆ ಕೂತವರಿಗೆ ಕಚ್ಚಬಾರದಲ್ಲ. ಒಣ ಎಲೆ ಗುಡಿಸಿ ಸುಡ್ತಾರೆ, ಹರಳು ಕೋಶ ಕಟ್ಟಿ ಮಲಗೋದು ಅದರೊಳಗೇ" ಅಂದೆ.

ಅವರು ಜೇಬಿನಿಂದ ಕರವಸ್ತ್ರ ತೆಗೆದು, ಬಗ್ಗಿ, ಪೊದೆಯ ಬುಡದ ಗ್ರೀಸನ್ನು ತಾವೇ ಒರೆಸತೊಡಗಿದರು. ಮುಳ್ಳು ಗೀರಿ ಮೊಳಕೈಯಲ್ಲಿ ರಕ್ತ ಬಂತು, ನಿಲ್ಲಿಸಲಿಲ್ಲ. ಮಾರನೆಯ ದಿನ ಸಂಘದವರನ್ನೆಲ್ಲ ಕರೆದು ಬ್ರಷ್ಷುಗಳನ್ನು ವಾಪಸ್ ಇಸಿದುಕೊಂಡರು. ಬ್ಯಾಂಕ್ ಮ್ಯಾನೇಜರ್, "ನನ್ನ ಟೈಲ್ಸ್ ದಾರಿ?" ಎಂದು ಕೇಳಿದರಂತೆ. "ಮಣ್ಣಲ್ಲಿ ನಡೀರಿ, ಮಂಡಿಗೆ ಒಳ್ಳೇದು" ಅಂದರಂತೆ ದಂತವೈದ್ಯರು. ತಪ್ಪು ತಿಳಿದ ದಿನವೇ ತಿರುಗಿ ನಿಂತ ಮನುಷ್ಯ. ಅವರು ಸಭೆಯಲ್ಲಿ ನಕ್ಕದ್ದನ್ನು ನಾನು ಲೆಕ್ಕದಿಂದ ಹೊಡೆದುಹಾಕಿದೆ.

ಮಂಗಳವಾರ ನಾವಿಬ್ಬರೂ ನಗರಸಭೆಗೆ ಹೋದೆವು. ಇಂಜಿನಿಯರ್ ಸೀಟಿನಲ್ಲಿ ಇರಲಿಲ್ಲ, ಅವನ ಕೋಟು ಇತ್ತು. ಕಾಯ್ದೆವು. ಮಧ್ಯಾಹ್ನದವರೆಗೂ ಕೋಟೇ ಕೆಲಸ ಮಾಡುತ್ತಿತ್ತು. ನಡುಮನೆಯಂಥ ಆ ಕೋಣೆಯ ಗೋಡೆಯ ಮೇಲೆ ನಿನ್ನ ನಕ್ಷೆ ಅಂಟಿಸಿದ್ದರು. ನನ್ನ ಕೈಚೀಲದಲ್ಲಿ ಕೆಂಪು ಪೆನ್ಸಿಲ್ ಯಾವಾಗಲೂ ಇರುತ್ತದೆ. ಕರಡು ತಿದ್ದುವಾಗ ನಮ್ಮಲ್ಲೊಂದು ಪದ್ಧತಿ ಇದೆ: ತಪ್ಪಾಗಿ ಹೊಡೆದುಹಾಕಿದ ಪದ ಉಳಿಯಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು, ಅಂಚಿನಲ್ಲಿ 'ಇದ್ದಂತೆ ಇರಲಿ' ಎಂದು ಬರೆಯುತ್ತೇವೆ. ಹೊಡೆದವರು ಎಷ್ಟೇ ದೊಡ್ಡವರಿರಲಿ, ಅಷ್ಟಾದ ಮೇಲೆ ಅಚ್ಚು ಜೋಡಿಸುವವನು ಆ ಪದವನ್ನು ಬಿಡುವ ಹಾಗಿಲ್ಲ. ನಾನು ನಿನ್ನ ನಕ್ಷೆಯ ದಕ್ಷಿಣದ ಇಳಿಜಾರಿನ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ ಚುಕ್ಕೆ ಇಟ್ಟೆ. ಅಂಚಿನಲ್ಲಿ ಬರೆದೆ, 'ಇದ್ದಂತೆ ಇರಲಿ.' ಕೆಳಗೆ ರುಜು ಹಾಕಿದೆ. ದಂತವೈದ್ಯರು ತಮ್ಮ ರುಜುವನ್ನೂ ಹಾಕಿದರು, ಔಷಧಿ ಚೀಟಿಯ ರುಜು, ಯಾರಿಗೂ ಓದಲು ಬರುವುದಿಲ್ಲ. ಕಾಫಿ ಮುಗಿಸಿ ಬಂದ ಇಂಜಿನಿಯರ್, "ಸರ್ಕಾರಿ ಕಾಗದದ ಮೇಲೆ ಗೀಚಿದೀರಿ, ಕೇಸ್ ಆಗುತ್ತೆ ಗೊತ್ತಾ?" ಎಂದ. "ಗೀಚಿಲ್ಲಪ್ಪ, ತಿದ್ದಿದೀನಿ. ಕೇಸ್ ಹಾಕು. ಕೋರ್ಟಿನಲ್ಲಿ ಎರಡೂ ಪೊದೆ ತೋರಿಸ್ತೀನಿ" ಅಂದೆ. ಅವನು ಹೊಸ ಪ್ರತಿ ಅಂಟಿಸಿದನಂತೆ. ಅಂಟಿಸಲಿ. ಪೆನ್ಸಿಲ್ ನನ್ನ ಹತ್ತಿರವೇ ಇದೆ.

ಈಗ ನಿನಗೆ ಕೇಳುವುದು ಇಷ್ಟು. ಉದ್ಯಾನ ಬೇಡ ಎಂದು ನಾನು ಹೇಳುತ್ತಿಲ್ಲ. ನೀರಿನ ಟ್ಯಾಂಕಿನ ಪಕ್ಕ ಒಡೆದ ಕಟ್ಟಡಗಳ ಕಲ್ಲುಮಣ್ಣು ಸುರಿದ ಬಯಲಿದೆ, ಗೊತ್ತಲ್ಲ. ಅಲ್ಲಿ ನಿಜವಾಗಿಯೂ ಏನೂ ಇಲ್ಲ, ಅದು ನಾವೇ ಹಾಳು ಮಾಡಿದ ಜಾಗ. ನಿನ್ನ ಕಾರಂಜಿ, ಗುಲಾಬಿ, ಸಿಮೆಂಟಿನ ಚಿಟ್ಟೆ, ಎಲ್ಲವನ್ನೂ ಅಲ್ಲಿ ಕಟ್ಟು. ಬ್ಯಾಂಕ್ ಮ್ಯಾನೇಜರಿಗೆ ಟೈಲ್ಸನ್ನೂ ಹಾಕಿಸು. ದಿಬ್ಬಕ್ಕೆ ಒಂದು ಕಾಲುದಾರಿ ಸಾಕು. ಗೆರೆಯನ್ನು ಅತ್ತ ಸರಿಸಲು ಇಂಜಿನಿಯರಿಗೆ ಅಧಿಕಾರವಿಲ್ಲವಂತೆ, ಅಧ್ಯಕ್ಷರಿಗೆ ಪುರಸೊತ್ತಿಲ್ಲವಂತೆ. ನಕ್ಷೆ ಬರೆದವರು ಬದಲಾಯಿಸಿ ಕೊಟ್ಟರೆ ಮಾತ್ರ ಆಗುತ್ತದಂತೆ. ಎಂದರೆ ನೀನು. ನಿನ್ನ ಕಚೇರಿಯಲ್ಲಿ ಮುಖಭಂಗವಾಗುತ್ತದೆ, ನನಗೆ ಗೊತ್ತು. 'ಮೊದಲ ಸಲ ಸರಿಯಾಗಿ ನೋಡಲಿಲ್ಲವೇ' ಎಂದು ಕೇಳುತ್ತಾರೆ. ಕೇಳಲಿ. ನೋಡಲಿಲ್ಲ ಎಂದು ಹೇಳು. ಅದನ್ನು ಹೇಳಿದ್ದರಿಂದ ಯಾರೂ ಸತ್ತದ್ದು ನಾನು ಓದಿಲ್ಲ. ಹೇಳದೆ ಹಟ ಹಿಡಿದದ್ದರಿಂದ ಊರಿಗೆ ಊರೇ ಹಾಳಾದದ್ದನ್ನು ಚರಿತ್ರೆಯ ಪುಸ್ತಕಗಳಲ್ಲಿ ಬೇಕಾದಷ್ಟು ಸಲ ಓದಿದ್ದೇನೆ, ಅವುಗಳಲ್ಲಿ ಎಷ್ಟೋ ಪುಸ್ತಕಗಳ ಕರಡನ್ನು ನಾನೇ ತಿದ್ದಿದ್ದೇನೆ.

ನೀನು ಒಪ್ಪದಿದ್ದರೆ ನನಗೆ ಬೇಸರವಾಗುತ್ತದೆ, ಆದರೆ ನಾನು ಹಿಂದೆ ಸರಿಯುವುದಿಲ್ಲ. ಅಕ್ಕ ಕೊನೆಗೆ ತನ್ನ ಕಡೆಗೇ ಬರುತ್ತಾಳೆ ಎಂದು ನೀನು ಎಣಿಸಿದ್ದರೆ ಆ ಎಣಿಕೆ ಬಿಡು. ನಾನು ನಿನ್ನ ಕಡೆಗೇ ಇದ್ದೇನೆ, ಹರಳಿಗೆ ಹೆಸರಿಟ್ಟವನ ಕಡೆಗೆ. ಅವನೇ ಈಗ ಕಾಣುತ್ತಿಲ್ಲ.

ಕತ್ತಿಗೆ ಮಫ್ಲರ್ ಸುತ್ತಿಕೋ. ನಿನ್ನ ಹೆಂಡತಿ ಬಗ್ಗಿ ನೆಲ ಒರೆಸದಿರಲಿ, ಆ ಕೆಲಸ ನೀನು ಮಾಡು. ಮಗಳಿಗೆ ಅತ್ತೆಯ ಮುದ್ದು. ಮೂವರೂ ಚೆನ್ನಾಗಿರಿ, ನೂರು ಕಾಲ ಬಾಳಿ, ನನ್ನ ಜೊತೆ ಜಗಳವಾಡಲು ಬೇಕಾದಷ್ಟು ಶಕ್ತಿ ಇಟ್ಟುಕೊಂಡು ಬಾಳಿ.

ಇಂತಿ,
ನಿನ್ನ ಮೇಲೆ ಕೋಪವಿರುವ, ಕೋಪಕ್ಕಿಂತ ಹೆಚ್ಚು ಪ್ರೀತಿಯಿರುವ
ಅಕ್ಕ

ಮತ್ತೆ: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ಮೊದಲ ಗುದ್ದಲಿ ಹಾಕಲು ನೀನೇ ಬರುತ್ತೀಯಂತೆ, ಶಾಮಿಯಾನ ಹೊಡೆಯುವವರು ಈಗ ತಾನೇ ಹೇಳಿದರು. ನನಗೆ ಒಂದು ಮಾತು ತಿಳಿಸಲಿಲ್ಲ ನೀನು. ಇರಲಿ. ಗುದ್ದಲಿ ಬೀಳಬೇಕಾದ ಪೊದೆಗೆ ಹಳದಿ ಬಟ್ಟೆ ಕಟ್ಟಿದ್ದಾರೆ. ಅದರ ಮುಂದೆ ನೆಲದ ಮೇಲೆ ನಾನು ಕೂತಿರುತ್ತೇನೆ, ದಂತವೈದ್ಯರೂ ಅವರ ಹೆಂಡತಿಯೂ ಬರುತ್ತಾರೆ. ಯಾರಾದರೂ ಅಡ್ಡ ಕೂತರೆ ಪೊಲೀಸರನ್ನು ಕರೆಸಿ ಎಬ್ಬಿಸುತ್ತೇನೆ ಎಂದು ಇಂಜಿನಿಯರ್ ಮಂಗಳವಾರವೇ ಹೇಳಿದ್ದಾನೆ. ಬೇಡ ಎಂದು ಅವನಿಗೆ ಹೇಳು. ನನ್ನನ್ನು ಎಬ್ಬಿಸುವುದಾದರೆ ನೀನೇ ಬಂದು ಕೈ ಹಿಡಿದು ಎಬ್ಬಿಸು. ಅದಕ್ಕೆ ನೀನು ನನ್ನಷ್ಟು ಕೆಳಗೆ ಬಗ್ಗಬೇಕಾಗುತ್ತದೆ. ಬಗ್ಗಿದಾಗ ನಿನ್ನ ಮುಖದ ಎದುರಿಗೇ ಎಲಚಿ ಎಲೆಗಳ ಅಡಿಭಾಗ ಇರುತ್ತದೆ. ಒಂದು ಕ್ಷಣ ನೋಡು. ನೋಡಿದ ಮೇಲೂ ನನ್ನನ್ನು ಎಳೆಯುವ ಮನಸ್ಸಾದರೆ ಎಳೆ, ನಾನಾಗಿ ಕೈ ಚಾಚುವುದಿಲ್ಲ.